ಖಾಲಿ ಇಟ್ಟ ತಿಂಗಳು

"ಹೊಟ್ಟೆ ಒಳಗೆ ಎಳ್ಕೋಬೇಡ, ಆಮೇಲೆ ಗಂಟು ಜಾರತ್ತೆ," ಎನ್ನುತ್ತ ಅತ್ತೆ ಸೊಸೆಯ ಹೊಟ್ಟೆಗೆ ಕೆಂಪು ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿದಳು. ತುಂಬು ಬಸುರಿ ಹೆಣದ ಮುಂದೆ ನಿಲ್ಲಬಾರದು. ನಿಲ್ಲಲೇಬೇಕಾದರೆ ಕೆಂಪು ಕಟ್ಟಿಕೊಂಡು ನಿಲ್ಲಬೇಕು.

"ಅಮ್ಮನಿಗೆ ನಾನೊಬ್ಬಳೇ ಅಲ್ವಾ ಅತ್ತೆ? ನಾನು ನಿಲ್ಲದೆ ಇನ್ಯಾರು ನಿಲ್ತಾರೆ?" ಎಂದಳು ಹೊಯ್ ಕೇ.

"ನಿಲ್ಲಬೇಡ ಅಂದ್ನಾ? ಬಿಗಿಯಾಗಿ ಕಟ್ಕೊಂಡು ನಿಲ್ಲು ಅಂದೆ."

ಹಾಂಗ್‌ಕಾಂಗಿನ ಆ ಅಂತ್ಯಕ್ರಿಯೆಯ ಕಟ್ಟಡದಲ್ಲಿ ಅವರು ಹಿಡಿದದ್ದು ಎಲ್ಲಕ್ಕಿಂತ ಸಣ್ಣ ಕೋಣೆ. ಅದೂ ದೊಡ್ಡದಾಯಿತು. ನಲವತ್ತು ಕುರ್ಚಿಗಳಲ್ಲಿ ಕೂತವರು ಹೊಯ್ ಕೇಯ ಗಂಡ ಮತ್ತು ಇಬ್ಬರು ನೆರೆಯವರು. ತಾಯಿ ಲಾಯ್ ಕ್ಯೂನ್ ಒಬ್ಬಳೇ ಇರುವ ಫೋಟೊ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಯಾರದೋ ಮಗುವನ್ನು ಎತ್ತಿಕೊಂಡ ಫೋಟೊದಿಂದ ಮಗುವನ್ನು ಕತ್ತರಿಸಿ, ಮುಖವನ್ನಷ್ಟೇ ದೊಡ್ಡದು ಮಾಡಿಸಿದ್ದರು. ಆಕೆ ಕೆಳಗೆ ನೋಡಿಕೊಂಡು ನಗುತ್ತಿದ್ದಳು.

"ಹೂ ಇಷ್ಟೊಂದು ಬಂದಿದೆ, ಕಳಿಸಿದವರೆಲ್ಲಿ?" ಎಂದಳು ನೆರೆಯ ಹೆಂಗಸು.

"ಎಲ್ಲರೂ ನಮ್ಮ ಬೀಗಿತ್ತಿ ಹಾಗೆ ಮನೆಮನೆಗೆ ಹೋಗಿ ಬಾಣಂತನ ಮಾಡೋರು," ಎಂದಳು ಅತ್ತೆ. "ಸಾವಿನ ಮನೆ ಮೆಟ್ಟಿದರೆ ನೂರು ದಿನ ಯಾರು ಮಗು ಮುಟ್ಟಿಸ್ತಾರೆ? ಹೊಟ್ಟೆಪಾಡು. ಇವಳಿಗೂ ಒಬ್ಬರನ್ನ ಗೊತ್ತುಮಾಡೋಣ ಅಂತ ಹತ್ತು ಕಡೆ ಫೋನ್ ಮಾಡಿದೆ. ಸೂತಕದ ಮನೆ ಅಂದ ಕೂಡಲೇ ಇಟ್ಟುಬಿಡ್ತಾರೆ. ನಾನೇ ಮಾಡೋಣ ಅಂದ್ರೆ ಈ ಮೊಣಕಾಲು!"

ಆ ನಿಯಮ ಹೊಯ್ ಕೇಗೆ ಹದಿಮೂರನೇ ವಯಸ್ಸಿಗೇ ಗೊತ್ತಾಗಿತ್ತು.

*

ಆಗ ಸತ್ತವಳು ಅವಳನ್ನು ಸಾಕಿದ ಅಜ್ಜಿ, ಲಾಯ್ ಕ್ಯೂನಳ ಹೆತ್ತ ತಾಯಿ. ಬಾಣಂತನಕ್ಕೆ ಹೋಗಿದ್ದ, ಐದು ದಿನದ ಮಗುವಿದ್ದ ಮನೆಯಿಂದ ಲಾಯ್ ಕ್ಯೂನ್ ಪಿಸುದನಿಯಲ್ಲಿ ಫೋನ್ ಮಾಡಿದ್ದಳು.

"ಧೂಪ ನೀನೇ ಹಚ್ಚಮ್ಮ. ನಾನು ಬಂದ್ರೆ ಈ ಮನೆಗೆ ಮತ್ತೆ ಕಾಲಿಡೋ ಹಾಗಿಲ್ಲ."

"ಅಜ್ಜಿ ನಿನ್ನಮ್ಮ ಅಲ್ವಾ?"

ಆ ಕಡೆ ಮಗು ಅತ್ತಿತು. "ಎದ್ದುಬಿಡ್ತು, ಇಡ್ತೀನಿ," ಎಂದಳು ತಾಯಿ.

ಹೊಯ್ ಕೇ ಅದನ್ನು ಕ್ಷಮಿಸಲಿಲ್ಲ. ತಾನು ಬಸುರಿಯಾದಾಗ ಸುದ್ದಿ ತಿಳಿಸಿದಳು, ಬಾ ಎನ್ನಲಿಲ್ಲ. ಐದನೇ ತಿಂಗಳಲ್ಲಿ ಹಟಕ್ಕೆ ಬಿದ್ದು, ಬಾಣಂತನಕ್ಕೆ ಹೆಂಗಸರನ್ನು ಕಳಿಸುವ ಕಚೇರಿಗೆ ತಾನೇ ಫೋನ್ ಮಾಡಿದಳು.

"ಅಕ್ಟೋಬರಿಗೆ ಹೆರಿಗೆ, ಚೊಚ್ಚಲಾ? ಹಾಗಾದ್ರೆ ನಿಮಗೆ ಲಾಯ್ ಕ್ಯೂನ್ ಅಕ್ಕನೇ ಸಿಗಬೇಕಿತ್ತು," ಎಂದಳು ಅಲ್ಲಿಯವಳು. "ಆದ್ರೆ ಅಕ್ಟೋಬರ್ ಪೂರ್ತಿ ಯಾರಿಗೋ ಖಾಲಿ ಇಟ್ಕೊಂಡಿದ್ದಾರೆ. ಯಾರಿಗೆ ಅಂದ್ರೆ ಬಾಯಿ ಬಿಡಲ್ಲ. ಭಾರಿ ದೊಡ್ಡ ಮನೆ ಇರಬೇಕು."

ಅದು ನನ್ನಮ್ಮ ಎಂದು ಹೇಳದೆ ಹೊಯ್ ಕೇ ಫೋನ್ ಇಟ್ಟಳು.

ಏಳನೇ ತಿಂಗಳಲ್ಲಿ ತಾಯಿ ತಾನಾಗಿಯೇ ಬಂದಳು. ಒಂದು ಕೈಯಲ್ಲಿ ಮಣ್ಣಿನ ಗಡಿಗೆ, ಇನ್ನೊಂದರಲ್ಲಿ ಐದು ಕೆಜಿ ಬಲಿತ ಶುಂಠಿ. ಇಡೀ ಮಧ್ಯಾಹ್ನ ಸಿಪ್ಪೆ ಕೆರೆದು, ಜಜ್ಜಿ, ಸಿಹಿ ವಿನೆಗರಿನಲ್ಲಿ ಹಾಕಿದಳು. ಹೆರಿಗೆಯಾದ ಮೇಲೆ ಅದಕ್ಕೆ ಹಂದಿಕಾಲು, ಮೊಟ್ಟೆ ಬಿದ್ದು ಬಾಣಂತಿಯ ಪಥ್ಯವಾಗಬೇಕು.

"ಮೂರು ದಿನಕ್ಕೊಂದ್ಸಲ ಕುದಿಸಬೇಕು. ನಾನೇ ಬರ್ತೀನಿ, ನೀನು ಮುಟ್ಟಬೇಡ."

ಅಕ್ಟೋಬರ್ ಯಾರಿಗೆ ಎಂದು ಕೇಳಬೇಕೆಂದು ಹೊಯ್ ಕೇಗೆ ಅನ್ನಿಸಿತು. "ವಾಸನೆ ಜಾಸ್ತಿ," ಎಂದಷ್ಟೇ ಹೇಳಿ ಕಿಟಕಿ ತೆರೆದಳು. ತಾಯಿ ಹೇಳಿದಂತೆಯೇ ಮೂರು ದಿನಕ್ಕೊಮ್ಮೆ ಬಂದಳು, ಕುದಿಸಿದಳು, ಹೋದಳು. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕುಸಿದವಳು ಮತ್ತೆ ಏಳಲಿಲ್ಲ.

*

ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ದಪ್ಪನೆಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಒಳಗೆ ಬಂದಳು. ಅವಳು ತಾಯಿಯಂತೆಯೇ ಬಾಣಂತನ ಮಾಡುತ್ತಿದ್ದ ಗೆಳತಿ, ಫೋಂಗ್.

"ಚಿಕ್ಕಮ್ಮ! ನೀವು ಬರಬಾರದಿತ್ತು. ಮುಂದಿನ ವಾರ ನಿಮಗೊಂದು ಬಾಣಂತನ ಗೊತ್ತಾಗಿದೆಯಲ್ಲ?"

"ಗೊತ್ತಾಗಿತ್ತು. ಬೇರೆಯವರನ್ನ ನೋಡ್ಕೊಳ್ಳಿ ಅಂತ ಬೆಳಿಗ್ಗೆ ಹೇಳ್ಬಿಟ್ಟೆ." ಫೋಂಗ್ ಮೂರು ಸಲ ಬಾಗಿ ಫೋಟೊದ ಕಡೆ ತಿರುಗಿದಳು. "ಏನೇ, ಊರ ಬಾಣಂತಿಯರಿಗೆಲ್ಲ ಮಲಗಿ ಮಲಗಿ ಅಂತ ಬೈತಿದ್ದೆ. ಈಗ ನೀನೇ ಮಲಗಿಬಿಟ್ಟೆಯಾ?" ಅಷ್ಟು ಹೇಳಿ ಜೋರಾಗಿ ಅತ್ತಳು. ಆ ಕೋಣೆಯಲ್ಲಿ ಆ ದಿನ ಮೊದಲು ಕೇಳಿದ ಅಳು ಅದು.

ಆಮೇಲೆ ಮೂಗು ಒರೆಸಿಕೊಂಡು ಹೊಯ್ ಕೇಯ ಹೊಟ್ಟೆ ನೋಡಿದಳು. "ನೂರು ದಿನ ನನ್ನನ್ನ ಯಾರೂ ಕರಿಯಲ್ಲ. ನಿನ್ನ ಮನೆಗೂ ಯಾರೂ ಬರಲ್ಲ. ಸರಿಹೋಯ್ತಲ್ಲ? ಗಡಿಗೆ ಕುದಿಸಿ ಎಷ್ಟು ದಿನ ಆಯ್ತು?"

"ಅಮ್ಮ ಕುದಿಸಿದ್ದೇ ಕೊನೆ. ಹತ್ತು ದಿನ."

"ಹತ್ತಾ! ನಡಿ, ನಡಿ."

ಸಂಸ್ಕಾರ ಮುಗಿಸಿ ಮನೆಗೆ ಬಂದು, ಸಾವಿನ ಮೈಲಿಗೆ ಕಳೆಯಲು ಚಕ್ಕೋತದ ಎಲೆ ಹಾಕಿದ ನೀರಿನಲ್ಲಿ ಎಲ್ಲರೂ ಕೈ ತೊಳೆದರು. ಫೋಂಗ್ ಸೀದಾ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ಮೂಸಿದಳು. "ಕೆಟ್ಟಿಲ್ಲ," ಎಂದು ಒಲೆ ಹಚ್ಚಿದಳು.

"ಚಿಕ್ಕಮ್ಮ, ಅಕ್ಟೋಬರ್ ಯಾರಿಗೆ ಅಂತ ಅಮ್ಮ ನಿಮ್ಮ ಹತ್ರ ಹೇಳಿದ್ಲಾ?"

"ನೀನು ಬಸುರಿ ಅಂತ ಗೊತ್ತಾದ ದಿನಾನೇ ಹೇಳಿದ್ಲು. ಕರೀತಾಳೋ ಇಲ್ವೋ ಗೊತ್ತಿಲ್ಲ, ಖಾಲಿ ಅಂತೂ ಇಡ್ತೀನಿ ಅಂದ್ಲು."

ಹೊಯ್ ಕೇ ಕೆಂಪು ಬಟ್ಟೆಯ ಗಂಟು ಬಿಚ್ಚಲು ಹೋದವಳು ಹಾಗೇ ನಿಂತಳು. ಈ ಸಲ ಅವಳು ಕಿಟಕಿ ತೆರೆಯಲಿಲ್ಲ. ಗಡಿಗೆ ಮೆಲ್ಲಗೆ ಕುದಿ ಹಿಡಿಯಿತು, ತಾಯಿ ಜಜ್ಜಿದ ಶುಂಠಿಯ ತುಂಡುಗಳು ಒಂದೊಂದಾಗಿ ಮೇಲಕ್ಕೆ ಬಂದವು.