ಸಿಪ್ಪೆಯ ಪುಡಿ

ಕೊಳೆತ ಉಳ್ಳಾಗಡ್ಡಿಯ ನಾತ ಗಂಟಲಿಗೇ ಇಳಿದಂತಾಗಿ ಸಾವಿತ್ರೆವ್ವ ಶೆಡ್ಡಿನ ಬಾಗಿಲಲ್ಲೇ ನಿಂತಳು. ಒಳಗೆ ತಮ್ಮ ಕಾಶಿನಾಥ ಸಲಿಕೆಯಿಂದ ಸಿಪ್ಪೆ ಮಗುಚುತ್ತಿದ್ದ. ಸಂತೆಯ ನೆಲದಿಂದ ಗುಡಿಸಿ ತಂದದ್ದು. ಅರ್ಧಕ್ಕರ್ಧ ಕಪ್ಪು ಬೂಷ್ಟು ಹಿಡಿದಿತ್ತು. ನಡುನಡುವೆ ಇಲಿಯ ಹಿಕ್ಕೆ. ರಾಶಿಯ ಒಂದು ಮಗ್ಗುಲಿಗೆ ನಾಯಿ ಕಾಲೆತ್ತಿ ಹೋದ ಹಸಿ ಇನ್ನೂ ಆರಿರಲಿಲ್ಲ.

ಉಳ್ಳಾಗಡ್ಡಿ ಸಿಪ್ಪೆಯಲ್ಲಿ ರಕ್ತನಾಳ ಕಾಯುವ ಅಂಶವಿದೆಯೆಂದು ಮೊಬೈಲಿನಲ್ಲಿ ತೋರಿಸಿ, ಅವಳ ಗಂಡ ಹೊಳೆಪ್ಪನ ಬಿಪಿ ಗುಳಿಗೆ ಬಿಡಿಸಿದವನು ಇವನೇ. ಹೋದ ವಾರ ಹೊಳೆಪ್ಪನಿಗೆ ಲಕ್ವಾ ಹೊಡೆದು ಬಾಯಿ ವಾರೆಯಾಯಿತು. ನವಲಗುಂದದ ಡಾಕ್ಟರು ತಲೆ ಚಚ್ಚಿಕೊಂಡರು. "ನಿಮ್ಮ ತಮ್ಮ ಕೇಳಿದಾಗ ಹೇಳಿದ್ದೆನಲ್ರಿ! ಅದರಾಗ ಗುಣ ಇರಬಹುದು, ಇನ್ನೂ ಪರೀಕ್ಷಾ ನಡದಾವ, ಗುಳಿಗಿ ಮಾತ್ರ ಬಿಡಿಸಬ್ಯಾಡ ಅಂತ."

"ಇದನ್ನೇನೋ ನನ್ನ ಗಂಡಗ ಕುಡಿಸಿದ್ದು?" ಎಂದಳು ಸಾವಿತ್ರೆವ್ವ.

"ಕುದಿಸಿ, ಒಣಗಿಸಿ ಪುಡಿ ಮಾಡ್ತೀನಬೇ ಅಕ್ಕಾ. ಹೊಲಸೆಲ್ಲಾ ಹೋಗ್ತದ."

"ಡಾಕ್ಟರ್ ಅಂದದ್ದು ನಮಗ್ಯಾಕ ಹೇಳಲಿಲ್ಲ?"

"ಗುಳಿಗಿನೂ ನುಂಗ್ರಿ ಅಂದ್ರ ನನ್ನ ಪುಡಿ ಯಾರು ನಂಬಿ ತಗೋತಾರ?"

"ನಿನಗೂ ಬಿಪಿ ಐತಲ್ಲ. ನೀ ಕುಡೀತೀಯೇನು?"

ಕಾಶಿನಾಥ ಸಲಿಕೆಯ ತುದಿ ನೋಡಿದ. "ನಂದು... ಗುಳಿಗಿ ನಡದಾವ."

ಸಾವಿತ್ರೆವ್ವ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಒಂದೇ ತಾಯಿಯ ಹಾಲು ಕುಡಿದವನು! ಅವನ ಮಾತು ಕಟ್ಟಿಕೊಂಡು ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ಕದಡಿ ಕೊಟ್ಟದ್ದು ತಾನೇ, ತನ್ನ ಕೈಯಾರೆ. ಕಾಶಿನಾಥ ತಂಬಿಗೆಯಲ್ಲಿ ನೀರು ತಂದ.

"ಅಲ್ಲೇ ಇಡು. ಹತ್ರ ಬರಬ್ಯಾಡ."

ನೀರು ಮುಟ್ಟದೆ ಮನೆಗೆ ನಡೆದಳು. ಉಳಿದ ಪುಡಿಯನ್ನು ಗಟಾರಕ್ಕೆ ಸುರುವಿದಳು. ಮಜ್ಜಿಗೆಯ ಲೋಟ ಬೂದಿ ಹಾಕಿ ತಿಕ್ಕಿ ಮೂಸಿದಳು. ಮತ್ತೆ ತಿಕ್ಕಿ, ಕಡೆಗೆ ಅದನ್ನೂ ತಿಪ್ಪೆಗೆ ಒಗೆದಳು.

ಹೊರಸಿನ ಮೇಲೆ ಮಲಗಿದ್ದ ಹೊಳೆಪ್ಪ ತೊದಲಿದ. "ಕಾಶ್ಯಾ... ಪುಡಿ... ಕೊಟ್ಟನೇನು? ಪಾಪ, ನನ್ನ ಸಲುವಾಗಿ ಭಾಳ ದಣೀತಾನ."

ಸಾವಿತ್ರೆವ್ವ ಬಿಪಿ ಗುಳಿಗೆಯನ್ನು ಪಟ್ಟಿಯಿಂದ ಒಡೆದು ತೆಗೆದು ಅವನ ತಲೆಯ ಕೆಳಗೆ ಕೈ ಕೊಟ್ಟಳು.

"ಬಾಯಿ ತಗೀರಿ."

ನೀರು ವಾರೆಯಾದ ತುಟಿಯಿಂದ ಜಾರಿ ಕುತ್ತಿಗೆಗಿಳಿಯಿತು. ಅಂಗೈಯಿಂದ ಒರೆಸಿ, ಅವಳು ಮತ್ತೊಂದು ಗುಟುಕು ಹನಿಸಿದಳು.