ದವಡೆ ಹಲ್ಲಿನ ಪಟ್ಟಾಭಿಷೇಕ

ಸಮಸ್ತರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮೂಲೆಯಂಗಡಿ ಟೈಲರ ಎಡಗಡೆ ಕೆಳದವಡೆಯ ಹಲ್ಲೊಂದಕ್ಕೆ ಕಿರೀಟಧಾರಣೆ ನಿಶ್ಚಯವಾಗಿದೆ. ಕಿರೀಟ, ಅಂದರೆ ಹಲ್ಲಿನ ಮೇಲಿನ ಕ್ಯಾಪು, ಯಾವುದರದ್ದು ಎಂಬುದು ಮಾತ್ರ ಇನ್ನೂ ನಿಶ್ಚಯವಾಗಿಲ್ಲ. ಹಲ್ಲು ಸಿದ್ಧವಾಗಿದೆ, ಹಲ್ಲಿನ ಡಾಕ್ಟರಮ್ಮ ಸಿದ್ಧರಾಗಿದ್ದಾರೆ, ಟೈಲರ ಹೆಂಡತಿಯಂತೂ ಎಲ್ಲರಿಗಿಂತ ಮೊದಲೇ ಸಿದ್ಧಳಾಗಿ ಕೂತಿದ್ದಾಳೆ. ತಡ ಏನಿದ್ದರೂ ಹಲ್ಲಿನ ಯಜಮಾನರದ್ದು.

ಟೈಲರಿಗೆ ತರಂಗ ಆಗಿಬರುವುದಿಲ್ಲ. ಕೆಲವರಿಗೆ ಬದನೆಕಾಯಿ ಆಗಿಬರುವುದಿಲ್ಲವಲ್ಲ, ಹಾಗೆ. ವೈಫೈ ಡಬ್ಬಿಯ ಹತ್ತಿರ ಕೂತರೆ ತಲೆ ಭಾರ, ಮೊಬೈಲು ಪಕ್ಕದಲ್ಲಿದ್ದರೆ ಕಿವಿಯಲ್ಲಿ ಗುಂಯ್. ನೋವು ಸುಳ್ಳಲ್ಲ. ಹಣೆ ಒತ್ತಿ ಹಿಡಿದು ಗೋಡೆಗೆ ಒರಗಿ ಕೂರುವುದನ್ನು ಹೆಂಡತಿ ಕಣ್ಣಾರೆ ಕಂಡಿದ್ದಾಳೆ. ಆ ನೋವಿಗೆ ಅವರು ಕೊಡುವ ಕಾರಣದ ಬಗ್ಗೆ ಮಾತ್ರ ಅವಳಿಗೆ ಒಳಗೊಳಗೇ ಅನುಮಾನ. ಅನುಮಾನ ಏನೇ ಇರಲಿ, ವೈಫೈ ಡಬ್ಬಿ ಅಟ್ಟ ಸೇರಿತ್ತು, ಮೊಬೈಲು ಬಿಸ್ಕತ್ತಿನ ತಗಡಿನ ಡಬ್ಬದೊಳಗೆ ಮಲಗಿತ್ತು, ಬೀದಿಯವರು ಟೈಲರಿಗೆ ರೇಡಿಯೋ ಆಂಟೆನಾದಂತೆ ‘ಏರಿಯಲ್’ ಅಂತ ಹೆಸರಿಟ್ಟು ಹಳೆಯದಾಗಿತ್ತು.

ಹೆಂಡತಿಗೆ ಬೇಕಾಗಿದ್ದು ಒಂದೇ ಒಂದು ಸುಖ. ಸಂಜೆ ಕೆಲಸ ಮುಗಿಸಿ ತನ್ನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ದೂರದ ಊರಿನಲ್ಲಿರುವ ತಂಗಿಯ ಮುಖ ನೋಡಿಕೊಂಡು ಹರಟುವುದು. ಸದ್ಯಕ್ಕೆ ಆ ಹರಟೆ ನಡೆಯುತ್ತಿದ್ದದ್ದು ಗೇಟಿನ ಆಚೆ, ಕಸದ ಡ್ರಮ್ಮಿನ ಪಕ್ಕ, ನಿಂತ ಕಾಲ ಮೇಲೆ. ಅಲ್ಲಿ ಸಿಗ್ನಲ್ಲು ಕುಂಟುತ್ತಿತ್ತು. ತಂಗಿಯ ಮುಖ ಒಳ್ಳೇ ರಸವತ್ತಾದ ಸುದ್ದಿಯ ನಡುವೆ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಸುದ್ದಿಯ ಉಳಿದ ಭಾಗ ಬರುವಷ್ಟರಲ್ಲಿ ಅವಳ ಪಾದ ಊದಿಕೊಳ್ಳುತ್ತಿತ್ತು.

ಒಂದು ಪುಣ್ಯವೆಂದರೆ, ಟೈಲರು ಹಗಲೆಲ್ಲ ಮಾತಾಡುತ್ತಿರಲಿಲ್ಲ. ಆಡಲು ಬಾಯಿ ಖಾಲಿ ಇರುತ್ತಿರಲಿಲ್ಲ. ಅಂಚು ಮಡಿಸುವುದಕ್ಕೆ, ನೆರಿಗೆ ಹಿಡಿಯುವುದಕ್ಕೆ ಕೈಗೆ ಸಿಗುವಂತೆ ತುಟಿಗಳ ನಡುವೆ ಗುಂಡುಸೂಜಿಯ ಸಾಲು. ಅವರ ಅಪ್ಪನೂ ಹಾಗೇ, ಅಜ್ಜನೂ ಹಾಗೇ. ಗಿರಾಕಿ ಏನು ಕೇಳಿದರೂ ಒಂದೋ ‘ಹೂಂ’, ಇಲ್ಲವೋ ‘ಊಹೂಂ’. ತರಂಗದ ಮೇಲಿನ ಉಪನ್ಯಾಸವೆಲ್ಲ ಸೂಜಿ ಇಳಿಸಿದ ಮೇಲೆ, ಊಟದ ಹೊತ್ತಿಗೆ. ಪಕ್ಕದಲ್ಲೇ ಕೂತು ಗುಂಡಿ ಕಾಜಾ ಹೊಲಿಯುವ ಹೆಂಡತಿ ಹಗಲಿನ ಆ ಮೌನವನ್ನು ಸಂಬಳದ ರಜೆಯಂತೆ ಅನುಭವಿಸುತ್ತಿದ್ದಳು.

ಹೀಗಿರುವಾಗ ಟೈಲರ ದವಡೆ ಹಲ್ಲಿನಲ್ಲಿದ್ದ ಹಳೇ ಬೆಳ್ಳಿ ಬಣ್ಣದ ಫಿಲ್ಲಿಂಗು ಸೀಳಿಹೋಯಿತು. ಅದೇ ವಾರ ಅವರು ಬಟ್ಟೆಯ ಮೇಲಿಟ್ಟು ಕತ್ತರಿಸುವ ಮಾದರಿಗೆಂದು ಹಳೇ ಪತ್ರಿಕೆ ಹಾಸಿದಾಗ, ಬಾಯೊಳಗಿನ ಲೋಹ ಏರಿಯಲ್ಲಿನಂತೆ ತರಂಗ ಎಳೆದುಕೊಳ್ಳುತ್ತದೆಯೇ ಎಂಬ ಲೇಖನ ಕಣ್ಣಿಗೆ ಬಿತ್ತು. ಪ್ರಶ್ನೆ ಇದ್ದ ಅರ್ಧ ಅವರ ಕೈಯಲ್ಲಿತ್ತು. ಉತ್ತರವಿದ್ದ ಅರ್ಧ ಅದಾಗಲೇ ತೋಳಿನ ಆಕಾರಕ್ಕೆ ಕತ್ತರಿಸಿಹೋಗಿತ್ತು. ಇದ್ದಷ್ಟನ್ನೇ ಓದಿಕೊಂಡ ಟೈಲರಿಗೆ ಜ್ಞಾನೋದಯವಾಯಿತು. ತಪ್ಪು ವೈಫೈ ಡಬ್ಬಿಯದ್ದಲ್ಲ, ಹಲ್ಲಿನದ್ದು.

ಹೆಂಡತಿ ಸಮಯ ನೋಡಿ ಪಟ್ಟು ಹಿಡಿದಳು. ಹಾಗಾದರೆ ಲೋಹವಿಲ್ಲದ ಕಿರೀಟ ಹಾಕಿಸಿಕೊಂಡರೆ ಡಬ್ಬಿ ಅಟ್ಟದಿಂದ ಇಳಿಸಬಹುದು ತಾನೇ?

ಟೈಲರು ಅನ್ನ ಕಲಸುತ್ತ ಯೋಚಿಸಿದರು. ಅಳತೆ ವಿಷಯದಲ್ಲಿ ಹೇಗೋ ಮಾತಿನ ವಿಷಯದಲ್ಲೂ ಹಾಗೆ, ನೂಲೆಳೆಯಷ್ಟೂ ಆಚೀಚೆ ಮಾಡುವವರಲ್ಲ.

"ನನ್ನ ಬಾಯಲ್ಲಿ ಒಂದು ಚೂರೂ ಲೋಹ ಇಲ್ಲ ಅಂತಾದ ದಿನ ಇಳಿಸು ಕಣೇ. ಚೂರು ಇದ್ರೂ ಇಲ್ಲ. ಮಾತು ಅಂದ್ರೆ ಮಾತು."

ಮಾರನೇ ದಿನವೇ ಅವಳು ಅವರನ್ನು ಹಲ್ಲಿನ ಆಸ್ಪತ್ರೆಯ ಒರಗು ಕುರ್ಚಿಯಲ್ಲಿ ಕೂರಿಸಿದಳು.

ಡಾಕ್ಟರಮ್ಮ ಸಮಾಧಾನದ ಹೆಂಗಸು. ಕಿರೀಟ ತರಂಗ ಹಿಡಿದು ತಲೆನೋವು ತರುತ್ತದೆ ಅನ್ನುವುದಕ್ಕೆ ತನಗಂತೂ ಆಧಾರ ಸಿಕ್ಕಿಲ್ಲವೆಂದು ಮೊದಲೇ ಹೇಳಿಬಿಟ್ಟರು. ಕೆಲವು ಲೋಹದ ಕಿರೀಟಗಳಲ್ಲಿರುವ ನಿಕಲ್ಲು ಮೈಗೆ ಒಗ್ಗದವರು ಇರುತ್ತಾರೆ, ಅದು ಬೇರೆ ಮಾತು. ತಲೆನೋವನ್ನು ಅದರ ಡಾಕ್ಟರಿಗೇ ತೋರಿಸಿ ಅಂತಲೂ ಅಂದರು. ಟೈಲರು ಎಲ್ಲದಕ್ಕೂ ತಲೆಯಾಡಿಸಿ, ಜೇಬಿನಿಂದ ಕುದುರೆಲಾಳದ ಆಕಾರದ ಅಯಸ್ಕಾಂತ ತೆಗೆದರು. ಅಂಗಡಿಯ ನೆಲದ ಮೇಲೆ ಚೆಲ್ಲಿದ ಸೂಜಿ ಆಯುವುದಕ್ಕೆ ಇಟ್ಟುಕೊಂಡದ್ದು. ಮಾದರಿ ಕಿರೀಟಗಳ ಮೇಲೆ ಅದನ್ನು ಆಡಿಸಿದರು. ಲೋಹದ್ದೂ ಕದಲಲಿಲ್ಲ, ಪಿಂಗಾಣಿಯದೂ ಕದಲಲಿಲ್ಲ. ಪಕ್ಕದ ತಟ್ಟೆಯಲ್ಲಿದ್ದ ಹಲ್ಲು ಕೆರೆಯುವ ಕೊಕ್ಕೆಗಳು ಮಾತ್ರ ಠಣ್ಣನೆ ಹಾರಿ ಅಂಟಿಕೊಂಡವು. ಅವನ್ನೆಲ್ಲ ಮತ್ತೆ ಕುದಿಸಿ ತರುವ ತನಕ ಹೊರಗಿನ ಬೆಂಚಿನವರು ದವಡೆ ಹಿಡಿದುಕೊಂಡು ಕಾದರು.

ಆಮೇಲೆ ಕಿರೀಟಗಳ ಸ್ವಯಂವರ ಶುರುವಾಯಿತು. ಬಂಗಾರ ಬಾಳಿಕೆಗೆ ಬಹಳ ಒಳ್ಳೆಯದು ಅಂದರು ಡಾಕ್ಟರಮ್ಮ. ಅದನ್ನು ಹಾಕಿಸಿಕೊಂಡರೆ ಲೋಕದ ಸುದ್ದಿಯೆಲ್ಲ ನನ್ನ ದವಡೆಯಲ್ಲೇ ಬಿತ್ತರವಾಗುತ್ತದೆ ಅಂದರು ಟೈಲರು. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವುದನ್ನು ತೋರಿಸಿದರೆ, ಲೈನಿಂಗಿನಲ್ಲಿ ಮೋಸ ಮಾಡುವವರನ್ನು ಬಹಳ ನೋಡಿದ್ದೇನೆ ಎಂದು ತಳ್ಳಿದರು. ಗಾಜಿನ ಜಾತಿಯ ಪಿಂಗಾಣಿ ಅವರ ಕಣ್ಣಿಗೆ ಹಿಡಿಸಿತು. ಆದರೆ ಟೈಲರಂತೆ ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಿಂದಿನ ದವಡೆಗೆ ಅದು ತಾಳುವುದು ಕಷ್ಟ ಅಂತ ಡಾಕ್ಟರಮ್ಮನೇ ಅನುಮಾನಿಸಿದರು. ಕೊನೆಗೆ ಉಳಿದದ್ದು ಜಿರ್ಕೋನಿಯ.

"ಹೆಸರಲ್ಲೇ ಲೋಹದ ವಾಸನೆ ಬರ್ತಿದೆಯಲ್ಲ ಡಾಕ್ಟ್ರೇ."

"ಜಿರ್ಕೋನಿಯಂ ಲೋಹ, ನಿಜ. ಅದು ಆಮ್ಲಜನಕದ ಜೊತೆ ಸಂಸಾರ ಹೂಡಿದ ಮೇಲೆ ಪಿಂಗಾಣಿ. ಲೋಹದ ಗುಣ ಇರಲ್ಲ."

"ತವರುಮನೆ ಲೋಹವೇ ತಾನೇ?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ಕೈಚೀಲ ಮಡಿಲಿಂದ ಕೆಳಗಿಟ್ಟಳು. "ರೀ, ನಾನು ನಿಮ್ಮನೆಗೆ ಬಂದ್ಮೇಲೆ ನನ್ನ ತವರಿನ ಗುಣ ಏನಾದ್ರೂ ಉಳಿಯೋಕೆ ಬಿಟ್ರಾ? ಅದರದ್ದೂ ಅಷ್ಟೇ ಅಂದ್ಕೊಳ್ಳಿ."

ಡಾಕ್ಟರಮ್ಮ ಮಾಸ್ಕಿನ ಒಳಗೇ ನಕ್ಕರು. ಟೈಲರು ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡರು. ಜಿರ್ಕೋನಿಯಕ್ಕೆ ಪಟ್ಟವಾಯಿತು. ಹಳೇ ಫಿಲ್ಲಿಂಗು ಹೊರಗೆ ಬಂತು, ಹಲ್ಲು ಸವೆಸಿ ಅಚ್ಚು ತೆಗೆದದ್ದಾಯಿತು. ಕೆಲವು ದಿನ ತಾತ್ಕಾಲಿಕ ಟೋಪಿ ಹಾಕಿಕೊಂಡಿದ್ದು, ಕೊನೆಗೆ ನಿಜವಾದ ಕಿರೀಟ ಅಂಟಿಸಿಕೊಂಡು ಟೈಲರು ಮನೆಗೆ ಬಂದರು. ಕನ್ನಡಿಯ ಮುಂದೆ ಹಲ್ಲು ಕಿರಿದು ನೋಡಿಕೊಂಡರು. ತಲೆ ಹಗುರಾಗಿದೆ ಅಂದರು. ಡಬ್ಬಿ ಇಳಿಸು ಅಂದರು.

ಅವಳು ಅದಾಗಲೇ ಏಣಿಯ ಮೇಲಿದ್ದಳು.

ಆ ಸಂಜೆ ಹೆಂಡತಿ ತನ್ನ ಕುರ್ಚಿಯಲ್ಲಿ, ಅಂಗಡಿಯ ಕೋಣೆಯಲ್ಲೇ, ಕಾಲು ಚಾಚಿ ಕೂತಳು. ತಂಗಿಯ ಮುಖ ಎಲ್ಲೂ ನಿಲ್ಲದೆ ಹರಿಯಿತು. ತಂಗಿ ಇದ್ದಬದ್ದ ಸುದ್ದಿಯೆಲ್ಲ ಮುಗಿಸಿ ಭಾವನ ಹೊಸ ಹಲ್ಲು ನೋಡಬೇಕು ಅಂದಳು. ಅಕ್ಕ ಫೋನು ತಿರುಗಿಸಿದಳು. ಟೈಲರು ಗಿರಾಕಿಯೊಬ್ಬರ ಪ್ಯಾಂಟಿನ ಅಂಚು ಹಿಡಿದು ಮಂಡಿಯೂರಿ ಕೂತಿದ್ದರು. ತಲೆಯೆತ್ತಿ "ಹೂಂ" ಅಂದರು.

"ಭಾವಾ, ಬಾಯಲ್ಲಿ ಲೋಹ ಇರಬಾರದು ಅಂತ ಊರಿಗೆಲ್ಲ ಹೇಳಿದ್ರಲ್ಲ," ಅಂದಳು ತಂಗಿ. "ಮತ್ತೆ ಆ ಗುಂಡುಸೂಜಿ ಏನು, ಪಿಂಗಾಣೀದಾ?"

ಪ್ಯಾಂಟಿನೊಳಗಿನ ಗಿರಾಕಿಯೂ ಬಗ್ಗಿ ಟೈಲರ ಬಾಯಿ ನೋಡಿದರು. ಟೈಲರು ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ಎಳೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಅವುಗಳನ್ನೇ ನೋಡುತ್ತ ನಿಂತರು. ಮೂರು ತಲೆಮಾರು ಬಾಯಲ್ಲಿಟ್ಟುಕೊಂಡದ್ದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಚೂರು ಇದ್ದರೂ ಇಲ್ಲ ಅಂತ ಅವರೇ ಅಂದಿದ್ದರು. ಕೈ ವೈಫೈ ಡಬ್ಬಿಯ ಸ್ವಿಚ್ಚಿನ ಕಡೆ ಹೋಯಿತು.

ಹೆಂಡತಿ ಮಧ್ಯೆ ಬಂದಳು. ಲೋಹ ಬಾಯಲ್ಲಿ ತಾನೇ ಇರಬಾರದು, ಕೈಯಲ್ಲಿ ಇರಬಹುದಲ್ಲ? ತುಂಡು ಮಖಮಲ್ಲಿಗೆ ಹತ್ತಿ ತುಂಬಿ, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ಸೂಜಿದಿಂಬು ಹೊಲಿದಳು. ಟೈಲರು ಕಟ್ಟಿಕೊಂಡರು. ನ್ಯಾಯವಾದ ಮಾತು ಅಂದರು. ಅಂದವರು ಅಲ್ಲಿಗೆ ನಿಲ್ಲಿಸಲಿಲ್ಲ.

ಬಾಯಿ ಖಾಲಿಯಾಗಿತ್ತು. ಅಷ್ಟು ವರ್ಷ ಸೂಜಿಯ ಹಿಂದೆ ಸಾಲು ನಿಂತಿದ್ದ ಮಾತುಗಳೆಲ್ಲ ಹೊರಬಿದ್ದವು. ಅಳತೆ ಕೊಡಲು ಬಂದವರಿಗೆ ಜಿರ್ಕೋನಿಯದ ವಂಶಾವಳಿ, ಗುಂಡಿ ಹಾಕಿಸಲು ಬಂದವರಿಗೆ ತರಂಗದ ಚರಿತ್ರೆ. ಟ್ರಯಲ್ಲಿಗೆಂದು ಬಂದ ಗಿರಾಕಿ ಅರ್ಧ ಹೊಲಿದ ಕೋಟಿನಲ್ಲೇ ಜಾರಿಕೊಂಡರು. ಹೆಂಡತಿ ಹಾಕುತ್ತಿದ್ದ ಕಾಜಾಗಳು ಸೊಟ್ಟಗಾದವು. ಸಂಜೆ ಫೋನು ಹಿಡಿದರೆ, ಅವಳ ಭುಜದ ಮೇಲಿಂದ ಬಾಗಿ ತಂಗಿಗೂ ಉಪನ್ಯಾಸ. ಈಗ ಚಿತ್ರ ಎಲ್ಲೂ ನಿಲ್ಲುತ್ತಿರಲಿಲ್ಲ, ಟೈಲರೂ ನಿಲ್ಲುತ್ತಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ತಂಗಿಯೇ ದನಿ ತಗ್ಗಿಸಿ ಅಂದಳು. "ಅಕ್ಕಾ, ಒಂದು ಮಾತು ಹೇಳ್ತೀನಿ, ಬೇಜಾರಾಗಬೇಡ. ನೀನು ಆ ಕಸದ ಡ್ರಮ್ಮಿನ ಹತ್ರಾನೇ ಚೆನ್ನಾಗಿದ್ದೆ."

ಹೆಂಡತಿ ಫೋನು ಇಟ್ಟಳು. ಟೈಲರ ಮಣಿಕಟ್ಟು ಹಿಡಿದು, ದಿಂಬಿನಿಂದ ಸೂಜಿಗಳನ್ನು ಒಂದೊಂದಾಗಿ ಕಿತ್ತಳು.

"ಬಾಯಿ ತೆಗೀರಿ," ಅಂದಳು.

"ಯಾಕೇ? ಮತ್ತೆ ಡಬ್ಬಿ..."

"ನಾನೇ ಆರಿಸ್ತೀನಿ. ಮಾತು ಅಂದ್ರೆ ಮಾತು."

ಸೂಜಿಯ ಸಾಲು ತುಟಿಗೇರಿತು. ಡಬ್ಬಿಯ ದೀಪ ಆರಿತು. ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಮತ್ತೆ ಕೇಳಿಸತೊಡಗಿತು. ಅವಳು ಫೋನು ಒಳಗಿಟ್ಟ ಬಿಸ್ಕತ್ತಿನ ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈಯಲ್ಲಿ ತನ್ನ ಕುರ್ಚಿ ಎತ್ತಿಕೊಂಡು ಗೇಟು ದಾಟಿದಳು. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡಿ, ಡ್ರಮ್ಮಿನ ಈಚೆ ಬದಿಗೆ ಕುರ್ಚಿ ಹಾಕಿ, ಕಾಲು ಚಾಚಿ ಕೂತಳು.