ಬ್ರೆಡ್ ಗಾಡಿ ನುಗ್ಗದ ದಾರಿ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ದೊಡ್ಡಮ್ಮನಿಗೆ ಉಳಿದ ಔಷಧ ಒಂದೇ. ದಿನಾ ನಡೆಯಬೇಕು. ಮಾತ್ರೆಯಾದರೆ ಅಂಗಡಿಯಲ್ಲಿ ಸಿಗುತ್ತದೆ, ನಡೆಯುವ ಜಾಗವನ್ನು ಯಾವ ಅಂಗಡಿಯಲ್ಲಿ ಕೇಳುವುದು?

ಮನೆಯೊಳಗೆ ನಡೆಯೋಣವೆಂದರೆ ಮಂಚಕ್ಕೂ ಬೀರುವಿಗೂ ನಡುವೆ ಒಮ್ಮೆ ತಿರುಗಿದರೆ ಕೋಣೆ ಮುಗಿಯಿತು. ಬಾಗಿಲು ತೆರೆದರೆ ಮುಖ್ಯರಸ್ತೆ. ಫುಟ್‌ಪಾತಿನ ಮೇಲೆ ನಿಂತ ಬೈಕುಗಳು, ರಸ್ತೆಯ ಮೇಲೆ ಓಡುವ ಲಾರಿಗಳು. ನಡೆಯುವವರು ಗೋಡೆಗೆ ಅಂಟಿಕೊಂಡು ಹೋಗಬೇಕು.

"ಹಲ್ಲಿಯಾಗಿ ಹುಟ್ಟಿದ್ರೆ ಚೆನ್ನಾಗಿತ್ತು ಕಣೇ" ಎಂದು ದೊಡ್ಡಮ್ಮ ಸೊಸೆಯ ಹತ್ತಿರ ನಗೆಯಾಡಿದ್ದಳು.

ಹೆತ್ತದ್ದು ಒಬ್ಬನೇ ಮಗನನ್ನಾದರೂ ಇಡೀ ಬಡಾವಣೆಗೆ ಅವಳು ದೊಡ್ಡಮ್ಮ. ಮಗ ಬೇಕರಿಯ ಗಾಡಿ ಓಡಿಸುತ್ತಿದ್ದ. ಬೆಳಕು ಹರಿಯುವ ಮುಂಚೆ ಟ್ರೇಗಳನ್ನು ತುಂಬಿಕೊಂಡು ಹೊರಟರೆ ಅಂಗಡಿಗಳು ಬಾಗಿಲು ತೆರೆಯುವಷ್ಟರಲ್ಲಿ ಎಲ್ಲ ಕಡೆ ಬ್ರೆಡ್ ಇಳಿಸಿರಬೇಕು. ಹಾಗಾಗಿ ಜನರಿಗೆ ಅವನು ಬ್ರೆಡ್ಡಣ್ಣ. ಒಳ್ಳೆಯ ಮಗನೇ. ಅಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಪಕ್ಕದ ಕುರ್ಚಿಯಲ್ಲೇ ಮಲಗಿದವನು. ನಾಲಿಗೆ ಮಾತ್ರ ಸ್ವಲ್ಪ ಉದ್ದ, ಸ್ಟೇರಿಂಗ್ ಹಿಡಿದರೆ ಇನ್ನೂ ಉದ್ದ.

ಮನೆಗಳ ಸಾಲಿನ ಹಿಂದೆ ಒಂದು ಹಸಿರು ಬಯಲಿತ್ತು. ನಡುವೆ ಸಣ್ಣ ತೊರೆ, ತೊರೆಯ ಬದಿಗೆ ಹಳೆಯ ಮರಗಳು, ಮರಗಳ ನೆರಳಿನಲ್ಲಿ ಒಂದು ಮಣ್ಣಿನ ದಾರಿ. ಆಚೆ ಬದಿಯಲ್ಲಿ ಶಾಲೆ, ಆಸ್ಪತ್ರೆ, ಅಂಗಡಿ ಸಾಲು. ಬಯಲು ದಾಟಿದರೆ ಕೂಗಳತೆ, ರಸ್ತೆಯಲ್ಲಿ ಬಳಸಿ ಹೋದರೆ ಬಸ್ಸು ಹತ್ತಬೇಕು. ಆ ಮಣ್ಣಿನ ದಾರಿಯನ್ನು ದೊಡ್ಡಮ್ಮ ತಾನೇ ಕಂಡುಕೊಂಡಳು. ಮನೆಯಲ್ಲಿ "ಬೀದಿ ಕೊನೇವರೆಗೂ ಹೋಗಿ ಬರ್ತೀನಿ" ಎಂದಷ್ಟೇ ಹೇಳಿ, ಸೊಸೆಯ ಹಳೆಯ ಬೂದು ಕೋಟು ತೊಟ್ಟು, ಅದರ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು, ಊರುಗೋಲು ಹಿಡಿದು ಬೆಳಿಗ್ಗೆ ಬೆಳಿಗ್ಗೆಯೇ ಹೊರಡುತ್ತಿದ್ದಳು. ಮೊದಲು ಒಂದು ಮರದವರೆಗೆ, ಆಮೇಲೆ ಎರಡನೆಯ ಮರದವರೆಗೆ. ಕಾಲು ದಿನದಿನಕ್ಕೆ ಅವಳ ಮಾತು ಕೇಳತೊಡಗಿತ್ತು.

ಮಂಜು ಕವಿದ ಒಂದು ಬೆಳಿಗ್ಗೆ ಹಿಂದಿನಿಂದ ಗಾಡಿಯ ಸದ್ದು ಬಂತು. ಹಾರ್ನು ಕಿರುಚಿತು. ದೊಡ್ಡಮ್ಮ ಗಾಬರಿಯಾಗಿ ಬದಿಗೆ ಸರಿದಳು, ಊರುಗೋಲು ಜಾರಿತು, ಮುಳ್ಳಿನ ಪೊದೆಗೆ ಕೈಯೂರಿ ಹೇಗೋ ನಿಂತಳು.

"ಏನು ಮುದುಕಿ, ಸಾಯೋಕೆ ನನ್ನ ಗಾಡೀನೇ ಸಿಕ್ತಾ?"

ಗಾಡಿ ನಿಲ್ಲದೆ ಮುಂದೆ ಹೋಯಿತು. ಅದರ ಹಿಂದೆ ಬಿಸಿ ಬ್ರೆಡ್ಡಿನ ಘಮ ಉಳಿಯಿತು. ಆದರೆ ಆ ದನಿಯನ್ನು ಗುರುತಿಸಲು ದೊಡ್ಡಮ್ಮನಿಗೆ ಯಾವ ಘಮವೂ ಬೇಕಿರಲಿಲ್ಲ. ತೊದಲು ಮಾತಿನಿಂದ ಅವಳೇ ಬೆಳೆಸಿದ ದನಿ ಅದು.

ತಿಂಡಿಯ ಹೊತ್ತಿಗೆ ಮನೆಗೆ ಬಂದ ಮಗ ಅದನ್ನೇ ಕಥೆ ಮಾಡಿ ಹೇಳಿದ.

"ಬಯಲಲ್ಲಿ ಇವತ್ತು ಯಾವುದೋ ಅಜ್ಜಿ, ದಾರಿ ನಡುವೆ ರಾಣಿ ಹಾಗೆ ಹೋಗ್ತಿದ್ರು. ಒಂದು ಹಾರ್ನ್ ಹೊಡೆದೆ ನೋಡು, ಹುಡುಗಿ ಹಾಗೆ ಹಾರಿಬಿಟ್ರು!"

ಸೊಸೆ ನಕ್ಕಳು. ದೊಡ್ಡಮ್ಮನೂ ನಕ್ಕಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮುಂಗೈಯ ಗೀರುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಮಗನ ತಟ್ಟೆಗೆ ಇನ್ನೊಂದಷ್ಟು ಬಡಿಸಿದಳು. ಸೊಸೆ ಆಮೇಲೆ ಗೀರು ನೋಡಿ ಕೇಳಿದಾಗ ಗುಲಾಬಿ ಕುಂಡ ಸರಿಸಿದೆ ಎಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಯಾವ ತಾಯಿಯೂ ಸುಳ್ಳು ಮಾಡಿಲ್ಲ.

ಮಾರನೆಯ ದಿನದಿಂದ ಬೂದು ಕೋಟು ಮೊಳೆಯ ಮೇಲೆಯೇ ಉಳಿಯಿತು.

ಮಹಡಿ ಮೇಲಿನ ಮನೆಯ ನರ್ಸಮ್ಮ ಆಚೆ ಬದಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. ವಾರಕ್ಕೊಮ್ಮೆ ಇಳಿದು ಬಂದು ದೊಡ್ಡಮ್ಮನ ಕಾಲು ಮಡಚಿ, ಬಿಡಿಸಿ ನೋಡುವುದು ಅವಳ ವಾಡಿಕೆ. ಈ ಸಲ ಮೊಣಕಾಲು ಹಿಡಿದವಳೇ ಹುಬ್ಬು ಗಂಟಿಕ್ಕಿದಳು.

"ದೊಡ್ಡಮ್ಮ, ನಡೆಯೋದು ಬಿಟ್ಟಿದ್ದೀರಾ?"

"ಚಳಿ ಕಣಮ್ಮ."

"ಚಳಿ ಹೋಗುತ್ತೆ, ಬಿಗಿದ ಕಾಲು ವಾಪಸ್ ಬರಲ್ಲ. ಹೀಗೇ ಕೂತ್ರೆ ಆಮೇಲೆ ಬಚ್ಚಲಿಗೆ ಹೋಗೋಕೂ ಇನ್ನೊಬ್ಬರ ಕೈ ಹಿಡೀಬೇಕಾಗುತ್ತೆ. ಹೆದರಿಸ್ತಿಲ್ಲ, ನಿಜ ಹೇಳ್ತಿದ್ದೀನಿ."

ಬಾಗಿಲಲ್ಲಿ ನಿಂತಿದ್ದ ಬ್ರೆಡ್ಡಣ್ಣನಿಗೆ ಸಿಟ್ಟು ಬಂತು. "ನಾನು ದಿನಾ ಬಡ್ಕೋತೀನಿ, ವಾಕಿಂಗ್ ಹೋಗಮ್ಮ ಅಂತ. ಕೇಳಬೇಕಲ್ಲ? ಸೋಮಾರಿತನ!"

 ಆ ಮಾತು ದೊಡ್ಡಮ್ಮನೊಳಗೆ ಮುಳ್ಳಿಗಿಂತ ಆಳಕ್ಕೆ ಹೋಯಿತು.

"ಇನ್ನು ಸ್ವಲ್ಪ ದಿನ ತಡ್ಕೊಳ್ಳಿ" ಎಂದಳು ನರ್ಸಮ್ಮ. "ಹಿಂದಿನ ಬಯಲಲ್ಲಿ ನಗರಸಭೆಯವರು ದಾರಿ ಮಾಡ್ತಾರಂತೆ. ನಡೆಯೋರಿಗೆ, ಸೈಕಲ್‌ನೋರಿಗೆ ಮಾತ್ರ. ಮೋಟಾರು ಗಾಡಿ ಒಂದೂ ಬರೋ ಹಾಗಿಲ್ಲ. ಎರಡೂ ತುದೀಲಿ ಕಂಬ ನೆಡ್ತಾರೆ. ಭಾನುವಾರ ಶಾಲೆಯಲ್ಲಿ ಸಭೆ ಇದೆ, ಜನ ಬೇಕು ಅಂದ್ರೆ ಮಾಡ್ತಾರೆ, ಬೇಡ ಅಂದ್ರೆ ಇಲ್ಲ."

ಬ್ರೆಡ್ಡಣ್ಣನ ಮುಖ ಕೆಂಪಾಯಿತು. "ಕಂಬ ನೆಡ್ತಾರಾ? ಅದು ನನ್ನ ಒಳದಾರಿ! ರಸ್ತೇಲಿ ಬಳಸಿ ಹೋದ್ರೆ ಸಿಗ್ನಲ್ಲು, ಲಾರಿ, ಎಲ್ಲಾ ದಾಟಬೇಕು. ಬ್ರೆಡ್ ಇಳಿಸೋದು ಯಾವಾಗ? ಇದು ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ."

"ನಿಮಗೆ ತಡ ಆಗುತ್ತೆ ಬ್ರೆಡ್ಡಣ್ಣ, ಇಲ್ಲ ಅನ್ನಲ್ಲ. ಆದ್ರೆ ಆಚೆ ಶಾಲೆಗೆ ಈ ಬಡಾವಣೆಯ ಎಷ್ಟು ಮಕ್ಕಳು ಹೋಗ್ತಾರೆ ಹೇಳಿ. ಎಲ್ಲರನ್ನೂ ಯಾರಾದ್ರೂ ಗಾಡೀಲಿ ಬಿಟ್ಟು ಬರ್ತಾರೆ. ಆ ಗಾಡಿಗಳೇ ಅಲ್ವಾ ಸಿಗ್ನಲ್‌ನಲ್ಲಿ ನಿಮ್ಮನ್ನ ನಿಲ್ಲಿಸೋದು? ಮಕ್ಕಳು ಸೈಕಲ್ ಹತ್ತಿದ್ರೆ ನಿಮ್ಮ ರಸ್ತೇನೂ ಸ್ವಲ್ಪ ಖಾಲಿ ಆಗುತ್ತೆ."

"ಆ ಕಥೆ ಎಲ್ಲಾ ಸಭೇಲಿ ಹೇಳಿ. ನಾನೂ ಬರ್ತೀನಿ, ನಾಲ್ಕು ಮಾತು ನನಗೂ ಬರುತ್ತೆ."

ನರ್ಸಮ್ಮ ನಕ್ಕು ಮಹಡಿ ಹತ್ತಿದಳು.

ಭಾನುವಾರ ಬೆಳಿಗ್ಗೆ ಬ್ರೆಡ್ಡಣ್ಣ ಕನ್ನಡಿಯ ಮುಂದೆ ತಲೆ ಬಾಚುತ್ತಾ ಭಾಷಣದ ತಾಲೀಮು ನಡೆಸಿದ್ದ. ಸೊಸೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ದೊಡ್ಡಮ್ಮ ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು.

"ಮಾನ್ಯರೇ, ಆ ಬಯಲಲ್ಲಿ ನಡೆಯೋರು ಯಾರಿದ್ದಾರೆ? ನಾನು ದಿನಾ ಹೋಗೋನು, ನನಗೆ ಗೊತ್ತು. ಎರಡು ನಾಯಿ, ಒಬ್ಬಳು ಅಜ್ಜಿ. ಆ ಅಜ್ಜೀನೂ ಈಗ ಕಾಣ್ತಿಲ್ಲ. ಇಲ್ಲದ ಜನಕ್ಕೆ ದಾರಿ ಯಾಕೆ? ಹೇಗಿದೆ ಕಣೇ?"

"ಚೆನ್ನಾಗಿದೆ ರೀ" ಎಂದಳು ಹೆಂಡತಿ.

"ಆ ಅಜ್ಜಿ ಬರೋದು ಬಿಟ್ಟಳು" ಎಂದಳು ದೊಡ್ಡಮ್ಮ.

"ನಿನಗೆ ಹೇಗಮ್ಮ ಗೊತ್ತು?"

ದೊಡ್ಡಮ್ಮ ಹೇಳಬಾರದೆಂದೇ ಇದ್ದಳು. ಆದರೆ ತಾನು ನಡೆಯುವುದು ಬಿಟ್ಟದ್ದೇ ತನ್ನ ದಾರಿ ಮುಚ್ಚಲು ಸಾಕ್ಷಿಯಾಗುತ್ತಿದೆ. ಇನ್ನು ಸುಮ್ಮನಿದ್ದರೆ ಈ ಮಂಚವೇ ಗತಿ.

"'ಏನು ಮುದುಕಿ, ಸಾಯೋಕೆ ನನ್ನ ಗಾಡೀನೇ ಸಿಕ್ತಾ?' ಅಂದ್ರೆ ಯಾರು ತಾನೇ ಬರ್ತಾರಪ್ಪ?"

ಬಾಚಣಿಗೆ ತಲೆಯಲ್ಲೇ ನಿಂತಿತು. ಆ ಮಾತನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಹಾರ್ನಿನ ಕಥೆ ಹೇಳಿದ್ದ, ಬೈಗುಳವನ್ನು ನುಂಗಿಕೊಂಡಿದ್ದ. ಕನ್ನಡಿಯಲ್ಲಿ ಅಮ್ಮನ ಮುಖ ಕಂಡಿತು, ಅವಳ ಹಿಂದೆ ಮೊಳೆಯ ಮೇಲೆ ಬೂದು ಕೋಟು ಕಂಡಿತು. ಅವನು ಇಂಗು ತಿಂದ ಮಂಗನಂತೆ ನಿಂತ.

"ಅಮ್ಮಾ... ನೀನಾ?"

"ಮಂಜಿತ್ತು ಬಿಡು. ನಿನಗೆ ಕಾಣಿಸಲಿಲ್ಲ."

"ಗುಲಾಬಿ ಕುಂಡ ಅಂದ್ರಲ್ಲ ಅತ್ತೆ!" ಎಂದು ಸೊಸೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಬಂದು ಅವಳ ಕೈ ಹಿಡಿದುಕೊಂಡಳು.

ಬ್ರೆಡ್ಡಣ್ಣ ಮಂಚದ ಹತ್ತಿರ ನೆಲದ ಮೇಲೆ ಕೂತ. ಅಮ್ಮನ ಪಾದ ಹಿಡಿದುಕೊಂಡ. "ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದ.

"ಹೇಳಿದ್ರೆ ನೀನು ನನಗೊಬ್ಬಳಿಗೆ ಗಾಡಿ ನಿಧಾನ ಮಾಡ್ತಿದ್ದೆ. ಬೇರೆ ಅಜ್ಜಿ ಬಂದ್ರೆ?"

ಅವನು ಎದ್ದು ಮೊಳೆಯಿಂದ ಬೂದು ಕೋಟು ತೆಗೆದು ಅಮ್ಮನ ಕೈಗಿಟ್ಟ. ಅಂದು ಸಭೆಗೆ ಮೂವರೂ ಹೋದರು.

ಶಾಲೆಯ ಸಭಾಂಗಣ ತುಂಬಿತ್ತು. ನಗರಸಭೆಯ ಇಂಜಿನಿಯರಮ್ಮ ಮರ ಕಡಿಯುವುದಿಲ್ಲ, ದಾರಿಯೇ ಮರಗಳನ್ನು ಬಳಸಿ ಹೋಗುತ್ತದೆ ಎಂದು ನಕ್ಷೆ ತೋರಿಸಿದಳು. ನಡೆಯುವವರಿಗೆ ಒಂದು ಬದಿ, ಸೈಕಲ್ಲಿಗೆ ಇನ್ನೊಂದು ಬದಿ, ನಡುವೆ ಬಿಳಿ ಗೆರೆ. ಬಯಲಿಗೆ ಬೆನ್ನು ಹಾಕಿದ ಮನೆಯವನೊಬ್ಬ ಎದ್ದ.

"ದಾರಿ ಆದ್ರೆ ಕಳ್ಳರಿಗೆ ನಮ್ಮ ಹಿಂಬಾಗಿಲು ತೋರಿಸಿಕೊಟ್ಟ ಹಾಗಲ್ವಾ?"

"ಕಳ್ಳನಿಗೆ ಬೇಕಾದ್ದು ಯಾರೂ ಇಲ್ಲದ ಜಾಗ" ಎಂದಳು ನರ್ಸಮ್ಮ. "ಜನ ಓಡಾಡೋ ಕಡೆ ಕಣ್ಣುಗಳೂ ಇರುತ್ತವೆ. ದೀಪಾನೂ ಹಾಕ್ತಾರೆ."

"ಆಂಬುಲೆನ್ಸ್ ಬರಬೇಕಾದ್ರೆ?" ಇನ್ನೊಬ್ಬ ಕೇಳಿದ.

"ನಡುವಿನ ಕಂಬ ಬೀಗ ತೆಗೆದು ಎತ್ತಬಹುದು. ಕೀಲಿ ನಮ್ಮ ಆಸ್ಪತ್ರೇಲೇ ಇರುತ್ತೆ."

ಆಗ ಬ್ರೆಡ್ಡಣ್ಣ ಎದ್ದ. ಒಳದಾರಿಯ ಗಿರಾಕಿ ಏನು ಹೇಳುತ್ತಾನೆಂದು ಜನರಿಗೆಲ್ಲ ಗೊತ್ತಿತ್ತು, ಕೆಲವರು ಮೊದಲೇ ನಕ್ಕರು. ಅವನು ತಾಲೀಮು ಮಾಡಿದ ಒಂದು ಮಾತೂ ಆಡಲಿಲ್ಲ.

"ಆ ದಾರೀಲಿ ದಿನಾ ಗಾಡಿ ನುಗ್ಗಿಸೋನು ನಾನೇ. ಕಂಬ ಬಂದ್ರೆ ನನಗೆ ನಷ್ಟ, ಇನ್ನೂ ಬೇಗ ಏಳಬೇಕು. ಅಲ್ಲಿ ಯಾರೂ ನಡೆಯಲ್ಲ ಅಂತ ಹೇಳೋಕೆ ಬಂದಿದ್ದೆ. ಯಾಕೆ ನಡೆಯಲ್ಲ ಅಂತ ಇವತ್ತು ಗೊತ್ತಾಯ್ತು. ನನ್ನಿಂದ. ಕಂಬ ನೆಡಿ."

ಅಮ್ಮನ ಹೆಸರೆತ್ತಲಿಲ್ಲ. ಆದರೆ ದಾರಿ ಬೇಕೆನ್ನುವವರು ಕೈ ಎತ್ತಿ ಎಂದು ಇಂಜಿನಿಯರಮ್ಮ ಹೇಳಿದಾಗ ಎಲ್ಲರಿಗಿಂತ ಮೊದಲು ಎದ್ದದ್ದು ಅವನ ಕೈ. ದೊಡ್ಡಮ್ಮ ಊರುಗೋಲನ್ನೇ ಎತ್ತಿದಳು, ಪಕ್ಕದವರು ತಲೆ ತಗ್ಗಿಸಿಕೊಳ್ಳಬೇಕಾಯಿತು.

ಮರುವಾರ ಕಂಬಗಳ ಜಾಗ ಗುರುತಿಸಲು ಇಂಜಿನಿಯರಮ್ಮ ಬಂದಳು. ಕಂಬಗಳ ಬದಲು ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿ, ಇಷ್ಟು ಸಂದು ಸಾಕೇ ಎಂದು ನೋಡುತ್ತಿದ್ದಳು. ಬ್ರೆಡ್ಡಣ್ಣ ಖಾಲಿ ಗಾಡಿ ತಂದು ಎದುರಿಗೆ ನಿಲ್ಲಿಸಿದ.

"ಮೇಡಂ, ಇದರಲ್ಲಿ ನಾನು ಆರಾಮಾಗಿ ಹೋಗ್ತೀನಿ." ಇಳಿದು ಎರಡೂ ಬದಿಯ ಕನ್ನಡಿ ಮಡಚಿದ, ಮತ್ತೆ ಹತ್ತಿದ, ಗಾಡಿ ನುಣುಚಿಕೊಂಡು ಆಚೆ ಹೋಯಿತು. "ನೋಡಿದ್ರಾ? ನನ್ನಂಥ ಕಿಲಾಡಿಗಳು ಇನ್ನೂ ಇದ್ದಾರೆ. ಹತ್ತಿರ ತನ್ನಿ."

ತಂದರು. ಅವನು ಮತ್ತೆ ನುಗ್ಗಿಸಲು ನೋಡಿದ. ಗಾಡಿಯ ಮೂತಿ ಡ್ರಮ್ಮಿಗೆ ತಾಗಿ ನಿಂತಿತು.

"ಈಗ ಸರಿ. ಈಗ ಗಾಲಿ ಕುರ್ಚಿ ಬಿಡಿ ನೋಡೋಣ." ನರ್ಸಮ್ಮ ಆಸ್ಪತ್ರೆಯಿಂದ ತಂದಿದ್ದ ಗಾಲಿ ಕುರ್ಚಿ ಸಲೀಸಾಗಿ ದಾಟಿತು. ಮಗು ಕೂತ ತಳ್ಳುಗಾಡಿ ದಾಟಿತು. ಸೈಕಲ್ ದಾಟಿತು. ಆ ಅಳತೆಗೇ ಕಂಬಗಳು ಬಂದವು.

ಒಮ್ಮೆಲೇ ಎಲ್ಲ ಸರಿಹೋಯಿತೆಂದಲ್ಲ. ಬ್ರೆಡ್ಡಣ್ಣ ಈಗ ಮುಂಚಿಗಿಂತ ಬೇಗ ಏಳುತ್ತಾನೆ, ಎದ್ದು ಗೊಣಗುತ್ತಾನೆ, ಸಿಗ್ನಲ್ಲಿಗೆ ಶಾಪ ಹಾಕುತ್ತಾನೆ. ಹೊಸ ದಾರಿಯ ಮೇಲೆ ಬೈಕು ಹತ್ತಿಸಲು ಹೋದ ಒಬ್ಬಿಬ್ಬರಿಗೆ ಅವನೇ ಬುದ್ಧಿ ಹೇಳಿ ವಾಪಸ್ ಕಳಿಸಿದ್ದಾನೆ. ಆ ಉದ್ದ ನಾಲಿಗೆಗೂ ಒಂದು ಕೆಲಸ ಸಿಕ್ಕಿತು.

ದಾರಿಯಾದ ಮೇಲೆ ಮೊದಲ ಸಲ ಮಂಜು ಕವಿದ ಬೆಳಿಗ್ಗೆ. ಬೂದು ಕೋಟು ತೊಟ್ಟು ದೊಡ್ಡಮ್ಮ ನಾಲ್ಕನೆಯ ಮರ ದಾಟಿ ವಾಪಸ್ ಬರುತ್ತಿದ್ದಳು. ಕಂಬಗಳ ಹತ್ತಿರ ಬಂದಾಗ ಗಾಡಿಯ ಸದ್ದು ಕೇಳಿಸಿತು, ಬಿಸಿ ಬ್ರೆಡ್ಡಿನ ಘಮ ಬಂತು. ತಲೆಗೆ ಹೊಳೆಯುವ ಮುಂಚೆ ಕಾಲಿಗೆ ಹೆದರಿಕೆಯಾಯಿತು, ಅವಳು ಹುಲ್ಲಿನ ಮೇಲೆ ಸರಿದು ನಿಂತಳು.

ಗಾಡಿ ಕಂಬಗಳ ಆಚೆಯೇ ನಿಂತಿತ್ತು. ಮೂಲೆಯಂಗಡಿಗೆ ಟ್ರೇ ಇಳಿಸುತ್ತಿದ್ದ ಮಗ ತಿರುಗಿ ನೋಡಿದ. ಕೈಯಲ್ಲಿ ಟ್ರೇ ಹಿಡಿದೇ ಕಂಬದವರೆಗೆ ಬಂದ.

"ಯಾಕಮ್ಮ ಬದೀಲಿ ನಿಂತೆ? ನಡುವೆ ಬಾ. ಇದು ನಿನ್ನ ದಾರಿ."

ದೊಡ್ಡಮ್ಮ ಊರುಗೋಲನ್ನು ಮತ್ತೆ ದಾರಿಗೆ ಊರಿದಳು, ನಡುವೆಯೇ ನಡೆದು ಬಂದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಗಳ ಹಿಂದೆಯೂ ಇಂಥ ಬಯಲೊಂದು ಇರಬಹುದು. ಅಲ್ಲಿ ಯಾರೂ ನಡೆಯುವುದಿಲ್ಲ ಎನ್ನುವ ಮುಂಚೆ ಯಾಕೆ ನಡೆಯುವುದಿಲ್ಲ ಎಂದು ನಿಮ್ಮ ಮನೆಯ ಹಿರಿಯರನ್ನು, ಮಕ್ಕಳನ್ನು ಕೇಳಿ. ದಾರಿಗಾಗಿ ಸಭೆ ಕರೆದರೆ ಹೋಗಿ, ಕರೆಯದಿದ್ದರೆ ನೀವೇ ನಾಲ್ಕು ಜನ ಸೇರಿ ನಗರಸಭೆಯನ್ನು ಕೇಳಿ. ದಾರಿಯಾದ ಮೇಲೆ ಮೋಟಾರು ಗಾಡಿ ನುಗ್ಗಿಸಬೇಡಿ. ಸೈಕಲ್ ಏರಿದವರು ನಡೆಯುವವರ ಹಿಂದೆ ಬಂದಾಗ ದೂರದಿಂದಲೇ ಮೆಲ್ಲಗೆ ಗಂಟೆ ಬಾರಿಸಿ, ಅವರು ಸರಿಯುವವರೆಗೆ ಕಾಯಿರಿ. ಮಂಜಿನಲ್ಲಿ ಮುಂದೆ ಹೋಗುತ್ತಿರುವ ಬೂದು ಕೋಟಿನೊಳಗೆ ಯಾರ ತಾಯಿ ಇದ್ದಾಳೋ, ಹಿಂದಿನಿಂದ ಕಾಣುವುದಿಲ್ಲ.